ಗ್ರಾಫುಗಳ ಅಂಕನ ಮತ್ತು ಪದವಿ ತರಗತಿಯ ಸಂಶೋಧನೆ: ಜೋಸೆಫ್ ಗ್ಯಾಲಿಯನ್ನರ ಕಾರ್ಯದ ವಿಮರ್ಶೆ

೧

ಗಣಿತಶಾಸ್ತ್ರದ ಒಂದು ಶಾಖೆಯನ್ನು ಕುರಿತು ಇತಿಹಾಸದ ಅಧ್ಯಾಪಕರು ಲೇಖನಿ ಹಿಡಿಯುವುದು ವಾಚಕರಿಗೆ ವಿಚಿತ್ರವೆಂದು ತೋರಬಹುದು. ಆದುದರಿಂದ ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಯುಕ್ತ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿ, ಡುಲೂತ್ ಎಂಬ ಊರಿದೆ. ಅಲ್ಲಿಯ ವಿಶ್ವವಿದ್ಯಾಲಯವನ್ನು ೧೯೭೨ರಲ್ಲಿ ಸೇರಿ, ದೀರ್ಘಕಾಲ ಗಣಿತವನ್ನು ಬೋಧಿಸಿದ ಜೋಸೆಫ್ ಗ್ಯಾಲಿಯನ್ನರ ಹೆಸರು ಎರಡು ಕಾರ್ಯಗಳಿಂದ ಪ್ರಸಿದ್ಧವಾಗಿದೆ. ಒಂದು, ಗ್ರಾಫುಗಳ ಅಂಕನ ಎಂಬ ವಿಷಯದಲ್ಲಿ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಏನನ್ನು ಸಾಧಿಸಿದರೂ ಅದನ್ನು ಒಂದೆಡೆ ಸಂಗ್ರಹಿಸಿಟ್ಟ ಅವರ ಸಮೀಕ್ಷೆ. ಇನ್ನೊಂದು, ಇನ್ನೂ ಪದವಿಯನ್ನೇ ಪಡೆಯದ ವಿದ್ಯಾರ್ಥಿಗಳಿಂದ ಹೊಸ ಗಣಿತವನ್ನು ಮಾಡಿಸಿದ ಅವರ ಬೇಸಿಗೆಯ ಸಂಶೋಧನಾ ಶಿಬಿರ. ಮೊದಲನೆಯದು ರೂಪದಲ್ಲಿ ಗಣಿತಗ್ರಂಥವಾದರೂ ಸ್ವಭಾವದಲ್ಲಿ ಇತಿಹಾಸದ ಆಕರಗ್ರಂಥ. ಎರಡನೆಯದು ಕಾಲೇಜಿನಲ್ಲಿ ಪಾಠ ಹೇಳುವವರೆಲ್ಲರಿಗೂ ಸಂಬಂಧಿಸಿದ ವಿಷಯ. ಈ ಎರಡು ಕಾರಣಗಳಿಂದ ನಮಗೆ ಇಲ್ಲಿ ಮಾತನಾಡುವ ಅಧಿಕಾರ ಸ್ವಲ್ಪಮಟ್ಟಿಗೆ ಇದೆಯೆಂದು ಭಾವಿಸಿದ್ದೇವೆ.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಈ ಎರಡು ಕಾರ್ಯಗಳಿಗಿರುವ ಪರಸ್ಪರ ಸಂಬಂಧವನ್ನು. ಸಮೀಕ್ಷೆಯು ಸಂಶೋಧನೆಯ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿತು. ಒಳಗೆ ಹೋದವರು ಏನನ್ನು ಆರಿಸಿಕೊಳ್ಳಬೇಕೆಂಬ ವಿವೇಕವನ್ನಾದರೋ ಶಿಬಿರವು ಕೆಲವರಿಗೆ ಮಾತ್ರ ಕಲಿಸಿತು. ನಮ್ಮ ದೇಶದ ಕಾಲೇಜುಗಳಿಗೆ ಬಂದು ಮುಟ್ಟಿದುದು ಮೊದಲನೆಯದು. ಎರಡನೆಯದು ಅದೇ ಪ್ರಮಾಣದಲ್ಲಿ ಬರಲಿಲ್ಲ. ಇದರಿಂದಾದ ಲಾಭನಷ್ಟಗಳ ವಿಚಾರವೇ ಈ ಲೇಖನದ ಸಾರ.

೨

ಗ್ರಾಫು ಎಂದರೆ ಇಲ್ಲಿ ಚೌಕುಳಿ ಕಾಗದದ ಮೇಲೆ ಎಳೆಯುವ ವಕ್ರರೇಖೆಯಲ್ಲ. ಕೆಲವು ಬಿಂದುಗಳು, ಅವುಗಳಲ್ಲಿ ಕೆಲವು ಜೊತೆಗಳನ್ನು ಕೂಡಿಸುವ ಗೆರೆಗಳು, ಇಷ್ಟೇ ಗ್ರಾಫು. ಊರುಗಳನ್ನು ಬಿಂದುಗಳೆಂದೂ ರಸ್ತೆಗಳನ್ನು ಗೆರೆಗಳೆಂದೂ ಎಣಿಸಿದರೆ ಭೂಪಟವೇ ಒಂದು ಗ್ರಾಫು. ಎಲ್ಲ ಬಿಂದುಗಳೂ ಪರಸ್ಪರ ಕೂಡಿಕೊಂಡಿದ್ದು, ಹೊರಟ ಬಿಂದುವಿಗೆ ಸುತ್ತಿ ಬರುವ ದಾರಿಯೊಂದೂ ಇಲ್ಲದ ಗ್ರಾಫಿಗೆ ಮರವೆಂದು ಹೆಸರು. ವಂಶವೃಕ್ಷಗಳನ್ನು ಬರೆದು ರೂಢಿಯಿರುವ ನಮ್ಮಂತಹವರಿಗೆ ಈ ಹೆಸರು ಹೊಸದಲ್ಲ.

ಅಂಕನವೆಂದರೆ ಈ ಬಿಂದುಗಳಿಗೆ ಒಂದು ನಿಯಮಕ್ಕೆ ಒಳಪಟ್ಟು ಸಂಖ್ಯೆಗಳನ್ನು ಕೊಡುವುದು. ನಿಯಮಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೯೬೭ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ರೋಸಾ ಅವರ ಲೇಖನದಲ್ಲಿ ಮೊದಲು ಕಾಣಿಸಿಕೊಂಡಿತು. ೧೯೭೨ರಲ್ಲಿ ಸಾಲೊಮನ್ ಗೊಲೊಂಬರು ಅದನ್ನು ಗ್ರೇಸ್‌ಫುಲ್ ಎಂದು ಕರೆದರು. ಆ ಹೆಸರೇ ನಿಂತಿತು. ನಾವು ಅದನ್ನು ಲಲಿತ ಅಂಕನವೆಂದು ಕರೆಯೋಣ. ಗ್ರಾಫಿನಲ್ಲಿ ಎಷ್ಟು ಗೆರೆಗಳಿವೆಯೋ, ಸೊನ್ನೆಯಿಂದ ಆ ಸಂಖ್ಯೆಯವರೆಗಿನ ಅಂಕಿಗಳಲ್ಲಿ ಬೇರೆಬೇರೆ ಅಂಕಿಗಳನ್ನು ಬಿಂದುಗಳಿಗೆ ಕೊಡಬೇಕು. ಪ್ರತಿ ಗೆರೆಯ ಎರಡು ತುದಿಗಳ ಅಂಕಿಗಳ ವ್ಯತ್ಯಾಸವನ್ನು ಆ ಗೆರೆಯ ಮೇಲೆ ಬರೆಯಬೇಕು. ಹಾಗೆ ಬರೆದಾಗ ೧, ೨, ೩ ಎಂಬ ಕ್ರಮದಲ್ಲಿ ಕೊನೆಯವರೆಗೆ ಎಲ್ಲ ಸಂಖ್ಯೆಗಳೂ ಒಂದೊಂದು ಸಲ, ಒಂದೊಂದು ಸಲ ಮಾತ್ರ, ಬರಬೇಕು. ಐದು ಬಿಂದುಗಳನ್ನು ಒಂದೇ ಸಾಲಿನಲ್ಲಿ ನಾಲ್ಕು ಗೆರೆಗಳಿಂದ ಜೋಡಿಸಿ, ಕ್ರಮವಾಗಿ ೦, ೪, ೧, ೩, ೨ ಎಂದು ಅಂಕಿಗಳನ್ನು ಕೊಟ್ಟರೆ ಗೆರೆಗಳ ಮೇಲೆ ೪, ೩, ೨, ೧ ಬರುತ್ತವೆ. ಇದು ಲಲಿತ ಅಂಕನಕ್ಕೆ ಅತ್ಯಂತ ಸರಳವಾದ ಉದಾಹರಣೆ.

ಇದು ಮಕ್ಕಳ ಒಗಟಿನಂತೆ ಕಾಣಬಹುದು. ಆದರೆ ರೋಸಾ ಅವರು ಒಗಟನ್ನು ಹುಡುಕಿ ಹೊರಟವರಲ್ಲ. ೧೯೬೩ರಲ್ಲಿ ಗೆರ್‌ಹಾರ್ಡ್ ರಿಂಗೆಲ್ಲರು ಚೆಕೊಸ್ಲೊವಾಕಿಯದಲ್ಲಿ ನಡೆದ ವಿದ್ವತ್ಸಭೆಯೊಂದರಲ್ಲಿ ಒಂದು ಊಹೆಯನ್ನು ಮುಂದಿಟ್ಟಿದ್ದರು. ನಾಲ್ಕು ಗೆರೆಗಳ ಯಾವ ಮರವನ್ನೇ ತೆಗೆದುಕೊಳ್ಳಿ. ಒಂಬತ್ತು ಬಿಂದುಗಳಲ್ಲಿ ಪ್ರತಿಯೊಂದನ್ನೂ ಉಳಿದ ಎಲ್ಲಕ್ಕೂ ಜೋಡಿಸಿದ ಪೂರ್ಣಗ್ರಾಫನ್ನು ಆ ಮರದ ಒಂಬತ್ತು ಪ್ರತಿಗಳಾಗಿ, ಯಾವ ಗೆರೆಯೂ ಉಳಿಯದಂತೆ, ಯಾವ ಗೆರೆಯೂ ಎರಡು ಸಲ ಬರದಂತೆ, ಬಿಡಿಸಬಹುದೆಂಬುದು ಆ ಊಹೆಯ ಒಂದು ಸಣ್ಣ ಉದಾಹರಣೆ. ನಾಲ್ಕರ ಬದಲು ಯಾವ ಸಂಖ್ಯೆಯನ್ನು ತೆಗೆದುಕೊಂಡರೂ, ಅದರ ಎರಡರಷ್ಟಕ್ಕೆ ಒಂದನ್ನು ಕೂಡಿಸಿದಷ್ಟು ಬಿಂದುಗಳ ಪೂರ್ಣಗ್ರಾಫಿಗೆ ಇದು ಅನ್ವಯಿಸಬೇಕು. ರೋಸಾ ಅವರು ಕಂಡುಕೊಂಡುದೇನೆಂದರೆ, ಮರಕ್ಕೆ ಲಲಿತ ಅಂಕನ ಸಿಕ್ಕಿದರೆ ಈ ವಿಭಜನೆಯು ತಾನಾಗಿಯೇ ಸಿಗುತ್ತದೆಂಬುದು. ಮೇಲಿನ ಉದಾಹರಣೆಯಲ್ಲಿ ಒಂಬತ್ತು ಬಿಂದುಗಳನ್ನು ವೃತ್ತದ ಮೇಲೆ ಸಮದೂರದಲ್ಲಿಟ್ಟು ಸೊನ್ನೆಯಿಂದ ಎಂಟರವರೆಗೆ ಹೆಸರಿಸಿ, ೦, ೪, ೧, ೩, ೨ ಎಂಬ ದಾರಿಯನ್ನು ಎಳೆಯಬೇಕು. ಅನಂತರ ಆ ದಾರಿಯನ್ನು ಒಂದೊಂದೇ ಹೆಜ್ಜೆ ತಿರುಗಿಸುತ್ತ ಹೋಗಬೇಕು. ವೃತ್ತದ ಮೇಲೆ ಒಂದು, ಎರಡು, ಮೂರು, ನಾಲ್ಕು ಹೆಜ್ಜೆಗಳ ಉದ್ದದ ಗೆರೆಗಳು ಒಂಬತ್ತೊಂಬತ್ತರಂತೆ ಒಟ್ಟು ಮೂವತ್ತಾರು. ದಾರಿಯಲ್ಲಿ ಪ್ರತಿಯೊಂದು ಉದ್ದದ ಗೆರೆಯೂ ಒಂದೊಂದೇ ಇರುವುದರಿಂದ, ಒಂಬತ್ತು ಸಲ ತಿರುಗುವಷ್ಟರಲ್ಲಿ ಮೂವತ್ತಾರೂ ಒಂದೊಂದು ಸಲ ಮುಗಿದಿರುತ್ತವೆ. ಕಾಗದವನ್ನೂ ಪೆನ್ಸಿಲನ್ನೂ ಹಿಡಿದು ಕುಳಿತ ಯಾರಾದರೂ ಕಾಲು ಗಂಟೆಯಲ್ಲಿ ಇದನ್ನು ಪರೀಕ್ಷಿಸಬಹುದು.

ಹೀಗೆ ಅಂಕನವೆಂಬುದು ಹುಟ್ಟಿದುದು ಒಂದು ಪ್ರಶ್ನೆಗೆ ಉತ್ತರವಾಗಿ. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಎಲ್ಲ ಮರಗಳಿಗೂ ಲಲಿತ ಅಂಕನ ಉಂಟೆಂಬ ಊಹೆಗೆ ಸರ್ವಸಮ್ಮತವಾದ ಸಾಧನೆ ಇದುವರೆಗೆ ಬಂದಿಲ್ಲ. ಮೂವತ್ತೈದು ಬಿಂದುಗಳವರೆಗಿನ ಎಲ್ಲ ಮರಗಳಿಗೂ ಅದು ನಿಜವೆಂಬುದನ್ನು ೨೦೧೦ರ ವೇಳೆಗೆ ಗಣಕಯಂತ್ರದ ಮೂಲಕ ಪರೀಕ್ಷಿಸಿ ನೋಡಲಾಗಿತ್ತು. ಈ ಊಹೆಯ ಬೆನ್ನು ಹತ್ತುವುದನ್ನು ಆಂಟನ್ ಕೋಟ್ಜಿಗರು ಒಂದು ರೋಗವೆಂದು ಕರೆದಿದ್ದರಂತೆ. ಆ ರೋಗವು ಸಾಂಕ್ರಾಮಿಕವೆಂಬುದನ್ನು ಮುಂದಿನ ಚರಿತ್ರೆಯು ತೋರಿಸಿಕೊಟ್ಟಿತು.

೩

ಗ್ಯಾಲಿಯನ್ನರು ಹುಟ್ಟಿದುದು ೧೯೪೨ರಲ್ಲಿ. ೧೯೭೧ರಲ್ಲಿ ನಾಟರ್ ಡೇಮ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಾಗ ಅವರ ವಿಷಯ ಗ್ರಾಫುಗಳಲ್ಲ. ಸಾಂತ ಸಮೂಹಗಳ ಸಿದ್ಧಾಂತ. ಗ್ರಾಫುಗಳ ಅಂಕನವನ್ನು ಕುರಿತ ಅವರ ಮೊದಲ ಸಮೀಕ್ಷೆಯು ೧೯೮೯ರಲ್ಲಿ ಜರ್ನಲ್ ಆಫ್ ಗ್ರಾಫ್ ಥಿಯರಿಯಲ್ಲಿ ಅಚ್ಚಾಯಿತು. ಅದರ ವಿಸ್ತಾರ ಹದಿನಾಲ್ಕು ಪುಟ. ೧೯೯೪ರಲ್ಲಿ ಎರಡನೆಯದು ಬಂದಿತು; ಅದಕ್ಕೆ ಅವರು ಕೊಟ್ಟ ಹೆಸರು ಅಂಕನಗಳ ಮೃಗಾಲಯಕ್ಕೆ ಕೈಪಿಡಿ ಎಂಬರ್ಥದ್ದು. ೧೯೯೮ರಲ್ಲಿ ಎಲೆಕ್ಟ್ರಾನಿಕ್ ಜರ್ನಲ್ ಆಫ್ ಕಾಂಬಿನೇಟೋರಿಕ್ಸ್ ಎಂಬ ಪತ್ರಿಕೆಯಲ್ಲಿ ಮೂರನೆಯದು, ಕಾಲಕಾಲಕ್ಕೆ ಪರಿಷ್ಕರಿಸುತ್ತ ಹೋಗುವ ಸಮೀಕ್ಷೆಯಾಗಿ ಪ್ರಾರಂಭವಾಯಿತು. ಅಚ್ಚಿನ ಪತ್ರಿಕೆಗೆ ಸಾಧ್ಯವಿಲ್ಲದ ಈ ಅನುಕೂಲದಿಂದ ಅದು ಆವೃತ್ತಿಯಿಂದ ಆವೃತ್ತಿಗೆ ಬೆಳೆದು ಐದುನೂರಕ್ಕೂ ಮಿಕ್ಕ ಪುಟಗಳನ್ನು ತಲುಪಿತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಅಂಕನಗಳು, ಮೂರು ಸಾವಿರಕ್ಕೂ ಹೆಚ್ಚು ಲೇಖನಗಳು ಉಲ್ಲೇಖಗೊಂಡಿವೆ. ಗ್ರಹಾಂ ಮತ್ತು ಸ್ಲೋನ್ ಅವರು ೧೯೮೦ರಲ್ಲಿ ತಂದ ಹಾರ್ಮೋನಿಯಸ್ ಅಂಕನ, ಕಾಹಿತರು ೧೯೮೭ರಲ್ಲಿ ತಂದ ಕಾರ್ಡಿಯಲ್ ಅಂಕನ, ಮಾಯಾಚೌಕಗಳನ್ನು ನೆನಪಿಗೆ ತರುವ ಮಾಯಾ ಅಂಕನಗಳು, ಇವೆಲ್ಲ ಅದರಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತಿವೆ.

ಇಂತಹ ಸಮೀಕ್ಷೆ ಏಕೆ ಬೇಕಾಯಿತೆಂಬುದನ್ನು ಗ್ಯಾಲಿಯನ್ನರು ಪೀಠಿಕೆಯಲ್ಲಿಯೇ ಹೇಳುತ್ತಾರೆ. ಅನೇಕ ಲೇಖನಗಳು ಸುಲಭವಾಗಿ ದೊರೆಯದ ಪತ್ರಿಕೆಗಳಲ್ಲಿ ಚದರಿಹೋಗಿದ್ದವು. ಒಂದೇ ಬಗೆಯ ಗ್ರಾಫುಗಳ ಮೇಲೆ ಒಬ್ಬರನ್ನೊಬ್ಬರು ಅರಿಯದೆ ಹಲವರು ದುಡಿದಿದ್ದರು. ಒಂದೇ ಹೆಸರು ಬೇರೆಬೇರೆ ಅರ್ಥಗಳಲ್ಲಿ ಬಳಕೆಯಾಗುತ್ತಿತ್ತು. ಇತಿಹಾಸದ ವಿದ್ಯಾರ್ಥಿಗೆ ಈ ಮಾತುಗಳು ಬಹಳ ಪರಿಚಿತ. ಬಿ. ಎಲ್. ರೈಸರು ೧೮೮೬ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೊದಲನೆಯ ಸಂಪುಟವನ್ನು ಹೊರತಂದಾಗ ನಮ್ಮ ಶಾಸನಗಳ ಸ್ಥಿತಿಯೂ ಹೀಗೆಯೇ ಇದ್ದಿತು. ಯಾರು, ಎಂದು, ಏನು ಎಂಬ ಮೂರು ಪ್ರಶ್ನೆಗಳಿಗೆ ನಂಬತಕ್ಕ ಉತ್ತರ ದೊರೆಯುವವರೆಗೆ ಯಾವ ಶಾಸ್ತ್ರದಲ್ಲಿಯೂ ಚರಿತ್ರೆಯೆಂಬುದು ಪ್ರಾರಂಭವಾಗುವುದಿಲ್ಲ. ಗ್ಯಾಲಿಯನ್ನರು ಈ ಮೂರು ಪ್ರಶ್ನೆಗಳಿಗೂ ಹತ್ತಾರು ವರ್ಷ ಒಬ್ಬರೇ ನಿಂತು ಉತ್ತರ ಕೊಟ್ಟರು. ಇದು ಸಾಮಾನ್ಯವಾದ ಸೇವೆಯಲ್ಲ. ಗ್ರಂಥಾಲಯದ ಅನುಕೂಲವಿಲ್ಲದ ಊರಿನ ಕಾಲೇಜೊಂದರಲ್ಲಿ ಕುಳಿತ ಅಧ್ಯಾಪಕನಿಗೂ, ತನ್ನ ಮುಂದಿರುವ ಪ್ರಶ್ನೆಯನ್ನು ಯಾರಾದರೂ ಬಿಡಿಸಿರುವರೇ ಎಂಬುದು ಹಣ ಕೊಡದೆ ಒಂದೇ ಕಡೆಯಲ್ಲಿ ತಿಳಿಯುವಂತಾಯಿತು. ಸಂಶೋಧನೆಯಲ್ಲಿ ದೊಡ್ಡ ಊರಿನವರಿಗೂ ಸಣ್ಣ ಊರಿನವರಿಗೂ ಇದ್ದ ಅಂತರವನ್ನು ಈ ಒಂದು ವಿಷಯದಲ್ಲಿ ಅದು ಬಹುಮಟ್ಟಿಗೆ ತಗ್ಗಿಸಿತೆಂದು ನಿಸ್ಸಂದೇಹವಾಗಿ ಹೇಳಬಹುದು.

ಇನ್ನು ದೋಷದ ವಿಚಾರ. ಈ ಸಮೀಕ್ಷೆಯು ತೂಗುವುದಿಲ್ಲ. ರೋಸಾ ಅವರ ಪ್ರಮೇಯಕ್ಕೂ, ಯಾವುದೋ ಒಂದು ಚಕ್ರಕ್ಕೆ ಒಂದು ಬಾಲವನ್ನು ಅಂಟಿಸಿದರೆ ಲಲಿತ ಅಂಕನ ದೊರೆಯುತ್ತದೆಂಬ ಫಲಿತಾಂಶಕ್ಕೂ ಅದರಲ್ಲಿ ಹೆಚ್ಚುಕಡಮೆ ಒಂದೇ ಧ್ವನಿಯ ವಾಕ್ಯ ಮೀಸಲು. ಸಂಗ್ರಹಕಾರನು ನ್ಯಾಯಾಧೀಶನಲ್ಲವೆಂದು ಇದಕ್ಕೆ ಸಮಾಧಾನ ಹೇಳಬಹುದು. ಆ ಸಮಾಧಾನದಲ್ಲಿ ಸತ್ಯಾಂಶವೂ ಉಂಟು. ರೈಸರು ರಾಜರ ದಾನಶಾಸನಗಳನ್ನು ಮಾತ್ರ ಆರಿಸಿಕೊಂಡು, ತುರುಗೋಳಿನಲ್ಲಿ ಮಡಿದ ಹಳ್ಳಿಯವನ ವೀರಗಲ್ಲನ್ನು ಬಿಟ್ಟಿದ್ದರೆ ನಮ್ಮ ಸಾಮಾಜಿಕ ಚರಿತ್ರೆ ಎಷ್ಟು ಬಡವಾಗುತ್ತಿತ್ತೆಂಬುದನ್ನು ನಾವು ಬಲ್ಲೆವು. ಇಂದು ಅಲ್ಪವೆಂದು ತೋರುವುದು ನಾಳೆ ಬೆಲೆಯುಳ್ಳದ್ದಾಗಬಹುದು.

ಆದರೆ ಈ ಹೋಲಿಕೆಯನ್ನು ಸ್ವಲ್ಪ ಮುಂದಕ್ಕೆ ಒಯ್ದರೆ ಅದು ಮುರಿದು ಬೀಳುತ್ತದೆ. ವೀರಗಲ್ಲನ್ನು ನಿಲ್ಲಿಸಿದವರು ರೈಸರ ಸಂಪುಟದಲ್ಲಿ ಸೇರಬೇಕೆಂದು ನಿಲ್ಲಿಸಲಿಲ್ಲ. ಅಂಕನದ ಲೇಖನಗಳಾದರೋ ಬರಬರುತ್ತ ಸಮೀಕ್ಷೆಯನ್ನು ನೋಡಿಕೊಂಡೇ ಹುಟ್ಟತೊಡಗಿದವು. ಪಟ್ಟಿಯಲ್ಲಿ ಯಾವ ಮನೆ ಖಾಲಿಯಿದೆಯೆಂದು ನೋಡುವುದು, ಆ ಮನೆಯನ್ನು ತುಂಬುವ ಗ್ರಾಫೊಂದನ್ನು ಕಟ್ಟುವುದು, ಮುಂದಿನ ಆವೃತ್ತಿಯಲ್ಲಿ ಹೆಸರು ಕಾಣುವುದು, ಹೀಗೆ ಸಂಗ್ರಹವು ತಾನು ಸಂಗ್ರಹಿಸಬೇಕಾದ ವಸ್ತುವನ್ನು ತಾನೇ ಬೆಳೆಸುವಂತಾಯಿತು. ಆಕರಗ್ರಂಥಕ್ಕೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಇದು ಗ್ಯಾಲಿಯನ್ನರ ಅಪರಾಧವೆಂದು ನಾವು ಹೇಳುವುದಿಲ್ಲ. ಮೃಗಾಲಯವೆಂಬ ಹೆಸರನ್ನು ಆರಿಸಿದವರಿಗೆ ಈ ವೃದ್ಧಿಯ ಸ್ವರೂಪ ತಿಳಿದೇ ಇದ್ದಿರಬೇಕು. ಆದರೆ ತಿಳಿದವರು ಪ್ರತಿ ಅಧ್ಯಾಯದ ಮೊದಲಿಗೆ, ಈ ಬಗೆಯ ಅಂಕನ ಯಾವ ಪ್ರಶ್ನೆಯಿಂದ ಹುಟ್ಟಿತು, ಆ ಪ್ರಶ್ನೆ ಈಗ ಎಲ್ಲಿಗೆ ಬಂದಿದೆ ಎಂದು ನಾಲ್ಕು ಸಾಲು ಹೆಚ್ಚಾಗಿ ಬರೆದಿದ್ದರೆ, ಸಮೀಕ್ಷೆಯನ್ನೇ ನೆಚ್ಚಿಕೊಂಡ ದೂರದ ಓದುಗರಿಗೆ ಮಹೋಪಕಾರವಾಗುತ್ತಿತ್ತೆಂದು ಹೇಳದೆ ಇರಲಾರೆವು.

ಈ ಮಾತಿಗೆ ೨೦೨೦ರ ಘಟನೆಯೊಂದು ಒಳ್ಳೆಯ ಸಾಕ್ಷಿ. ಆ ವರ್ಷ ಮಾಂಟ್‌ಗೊಮರಿ, ಪೊಕ್ರೊವ್‌ಸ್ಕಿ, ಸುದಕೊವ್ ಎಂಬ ಮೂವರು ವಿದ್ವಾಂಸರು, ಸಾಕಷ್ಟು ದೊಡ್ಡದಾದ ಎಲ್ಲ ಮರಗಳಿಗೂ ರಿಂಗೆಲ್ಲರ ಊಹೆ ನಿಜವೆಂದು ಸಾಧಿಸಿ ತೋರಿಸಿದರು. ಅವರ ವಿಧಾನದಲ್ಲಿ ಸಂಭವನೀಯತೆಯ ಗಣಿತಕ್ಕೆ ಪ್ರಧಾನ ಸ್ಥಾನವಿದೆ. ಬಗೆಬಗೆಯ ಗ್ರಾಫುಗಳಿಗೆ ಒಂದೊಂದಾಗಿ ಅಂಕನ ಕೊಟ್ಟ ಸಾವಿರಾರು ಲೇಖನಗಳ ರಾಶಿಯಿಂದ ಬೆಳೆದ ವಿಧಾನ ಅದಲ್ಲ. ಆದರೂ ಗಮನಿಸತಕ್ಕ ಸಂಗತಿ ಇನ್ನೊಂದುಂಟು. ಮರವನ್ನು ವೃತ್ತದ ಮೇಲೆ ಪ್ರತಿಯೊಂದು ಉದ್ದದ ಗೆರೆಯೂ ಒಂದೊಂದೇ ಬರುವಂತೆ ಇಟ್ಟು ತಿರುಗಿಸುವ ಹಳೆಯ ಉಪಾಯವೇ ಆ ಸಾಧನೆಯ ಬೆನ್ನೆಲುಬು. ಲಲಿತ ಅಂಕನಕ್ಕಿಂತ ಸಡಿಲವಾದ ಇಂತಹ ಜೋಡಣೆಯನ್ನೂ ರೋಸಾ ಅವರು ೧೯೬೭ರ ಅದೇ ಲೇಖನದಲ್ಲಿ ಹೆಸರಿಟ್ಟು ವಿವರಿಸಿದ್ದರು. ಅರ್ಧ ಶತಮಾನದ ಬಳಿಕ ಉಪಯೋಗಕ್ಕೆ ಬಂದುದು ಪಟ್ಟಿಯ ಉದ್ದವಲ್ಲ. ಮೂಲಪ್ರಶ್ನೆಯೊಡನೆ ಬಿಡದೆ ಇದ್ದ ಸಂಬಂಧ.

೪

ಗ್ಯಾಲಿಯನ್ನರ ಎರಡನೆಯ ಕಾರ್ಯವನ್ನು ಈಗ ನೋಡೋಣ. ೧೯೭೭ರ ಬೇಸಿಗೆಯಲ್ಲಿ ಅವರು ಡುಲೂತಿನಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಸಂಶೋಧನಾ ಶಿಬಿರವನ್ನು ಪ್ರಾರಂಭಿಸಿದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇಂತಹ ಶಿಬಿರಗಳಿಗೆಂದೇ ಈಗಿರುವ ಯೋಜನೆಯನ್ನು ಹೊರಡಿಸಿದುದು ೧೯೮೭ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಇದು ನಡೆಯುತ್ತಿತ್ತು. ಆ ಕಾಲದಲ್ಲಿ ಗಣಿತದ ವಿದ್ವಾಂಸರಲ್ಲಿ ಹಲವರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಪ್ರಯೋಗಶಾಲೆಯಲ್ಲಿ ಕಿರಿಯನೊಬ್ಬ ಹಿರಿಯನ ಕೈಕೆಳಗೆ ದುಡಿಯಬಹುದು. ಗಣಿತದಲ್ಲಾದರೋ ವರ್ಷಾನುಗಟ್ಟಲೆ ಓದಿದ ಮೇಲೆಯೇ ಹೊಸ ಮಾತು ಹುಟ್ಟುತ್ತದೆಂಬುದು ರೂಢಿಯ ಅಭಿಪ್ರಾಯವಾಗಿದ್ದಿತು.

ಗ್ಯಾಲಿಯನ್ನರು ಇದಕ್ಕೆ ವಾದದಿಂದಲ್ಲ, ಪ್ರಶ್ನೆಗಳ ಆಯ್ಕೆಯಿಂದ ಉತ್ತರ ಕೊಟ್ಟರು. ವಿದ್ಯಾರ್ಥಿಗಳನ್ನು ಗುಂಪುಗೂಡಿಸದೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆಯನ್ನು ಕೊಡುವುದು ಅವರ ಕ್ರಮ. ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಬಹಳ ಓದು ಬೇಕಾಗಿರಬಾರದು. ಅದು ನಿಜವಾಗಿಯೂ ಬಿಡಿಸದೆ ಉಳಿದ ಪ್ರಶ್ನೆಯಾಗಿರಬೇಕು. ಪೂರ್ಣವಾಗಿ ಬಗೆಹರಿಯದಿದ್ದರೂ ಭಾಗಶಃ ಫಲ ದೊರೆಯುವಂತಿರಬೇಕು. ಇತ್ತೀಚಿನ ಸಾಹಿತ್ಯದಲ್ಲಿ ಇತರರಿಗೂ ಅದರಲ್ಲಿ ಆಸಕ್ತಿಯಿರಬೇಕು. ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಮತ್ತೆ ಬಂದು ಹೊಸಬರೊಡನೆ ಕೆಲವು ದಿನ ಇದ್ದು ಹೋಗುವ ಪದ್ಧತಿಯನ್ನೂ ಅವರು ಬೆಳೆಸಿದರು. ಈ ಶಿಬಿರದಿಂದ ಹುಟ್ಟಿ ವಿದ್ವತ್ಪತ್ರಿಕೆಗಳಲ್ಲಿ ಪ್ರಕಟವಾದ ಲೇಖನಗಳು ನೂರಕ್ಕೂ ಬಹಳ ಮಿಕ್ಕಿವೆ. ೨೦೧೪ರಲ್ಲಿ ಫೀಲ್ಡ್ಸ್ ಪದಕವನ್ನು ಪಡೆದ ಮಂಜುಲ್ ಭಾರ್ಗವರು ವಿದ್ಯಾರ್ಥಿಯಾಗಿದ್ದಾಗ, ೧೯೯೫ರಲ್ಲಿ, ಈ ಶಿಬಿರಕ್ಕೆ ಬಂದವರು. ಕ್ರಮಗುಣಿತವೆಂಬ ಹಳೆಯ ಕಲ್ಪನೆಯನ್ನು ಅವರು ಅಲ್ಲಿ ವಿಸ್ತರಿಸಿದರು. ಕೆಲವು ವರ್ಷಗಳ ಅನಂತರ ಅದೇ ಶಿಬಿರಕ್ಕೆ ಬಂದ ಮೆಲನಿ ವುಡ್ ಅವರು ಅದೇ ಎಳೆಯನ್ನು ಮುಂದುವರಿಸಿದರು. ಒಬ್ಬ ವಿದ್ಯಾರ್ಥಿಯ ಉತ್ತರ ಮತ್ತೊಬ್ಬ ವಿದ್ಯಾರ್ಥಿಗೆ ಪ್ರಶ್ನೆಯಾಗುವುದೇ ಜೀವಂತವಾದ ವಿದ್ಯಾಪರಂಪರೆಯ ಲಕ್ಷಣ.

ಅವರ ಪಠ್ಯಗ್ರಂಥದಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ಅಮೂರ್ತ ಬೀಜಗಣಿತವನ್ನು ಕುರಿತ ಅವರ ಗ್ರಂಥ ಮೊದಲು ಅಚ್ಚಾದುದು ೧೯೮೬ರಲ್ಲಿ; ಭಾರತದ ವಿಶ್ವವಿದ್ಯಾಲಯಗಳಲ್ಲಿಯೂ ಅದು ಓದಿನಲ್ಲಿದೆ. ಗಣಿತಜ್ಞರ ಸಂಕ್ಷಿಪ್ತ ಜೀವನಚರಿತ್ರೆಗಳನ್ನು ಅಧ್ಯಾಯಗಳ ಕೊನೆಯಲ್ಲಿ ಕೊಟ್ಟಿರುವುದು ನಮಗೆ ವಿಶೇಷವಾಗಿ ಪ್ರಿಯವಾಯಿತು. ಪಂಚಕೋನವನ್ನು ತಿರುಗಿಸಿ ಮಗುಚುವ ಹತ್ತು ಚಲನೆಗಳ ಸಮೂಹದಿಂದ ಗುರುತಿನ ಸಂಖ್ಯೆಗಳ ತಪ್ಪನ್ನು ಹಿಡಿಯುವ ವೆರ್‌ಹೂಫರ ವಿಧಾನವನ್ನು ಆ ಗ್ರಂಥ ವಿವರಿಸುತ್ತದೆ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯನ್ನು ಲೆಕ್ಕ ಮಾಡುವುದೂ ಅದೇ ವಿಧಾನದಿಂದ. ಪರೀಕ್ಷೆಗಾಗಿ ಮಾತ್ರ ಓದುವ ವಿಷಯವೆಂದು ವಿದ್ಯಾರ್ಥಿ ಎಣಿಸಿದ್ದ ಸಮೂಹಸಿದ್ಧಾಂತ ಅವನ ಜೇಬಿನಲ್ಲಿಯೇ ಇದ್ದಿತೆಂದು ತೋರಿಸುವ ಬೋಧಕನು, ಏನನ್ನು ಏಕೆ ಕಲಿಯುತ್ತೇವೆಂಬುದನ್ನು ಮರೆಯದ ಬೋಧಕ. ೨೦೦೭ ಮತ್ತು ೨೦೦೮ರಲ್ಲಿ ಅವರು ಅಮೆರಿಕದ ಗಣಿತ ಅಧ್ಯಾಪಕರ ದೊಡ್ಡ ಸಂಸ್ಥೆಯಾದ ಮ್ಯಾಥಮ್ಯಾಟಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದುದು ಈ ಸೇವೆಗೆ ಸಂದ ಮನ್ನಣೆ.

ಶಿಬಿರಕ್ಕೂ ಒಂದು ಮಿತಿಯುಂಟು. ಅದರ ಬಾಗಿಲು ಬಹಳ ಕಿರಿದು. ಪ್ರತಿವರ್ಷವೂ ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳು ಮಾತ್ರ ಆರಿಸಲ್ಪಡುತ್ತಿದ್ದರು. ಅವರಲ್ಲಿ ಬಹುಮಂದಿ ಆ ಮೊದಲೇ ಗಣಿತಸ್ಪರ್ಧೆಗಳಲ್ಲಿ ಹೆಸರು ಪಡೆದವರು. ಇಂತಹವರು ಒಳ್ಳೆಯ ಫಲ ತಂದರೆಂಬುದರಿಂದ ಸಾಮಾನ್ಯ ವಿದ್ಯಾರ್ಥಿಗೂ ಸಂಶೋಧನೆಯನ್ನು ಕಲಿಸಬಹುದೆಂಬುದು ಸಿದ್ಧವಾಗುವುದಿಲ್ಲ. ಸಮೀಕ್ಷೆಯಲ್ಲಿ ಯಾರನ್ನೂ ಹೊರಗಿಡದ ಗ್ಯಾಲಿಯನ್ನರು ಶಿಬಿರದಲ್ಲಿ ಬಹುತೇಕ ಎಲ್ಲರನ್ನೂ ಹೊರಗಿಟ್ಟರೆಂಬ ವಿರೋಧಾಭಾಸವನ್ನು ವಿಮರ್ಶಕನು ಗುರುತಿಸಲೇಬೇಕಾಗಿದೆ.

೫

ಈ ವಿರೋಧಾಭಾಸವು ಬೇರೆ ದೇಶದ ಸಂಗತಿಯಾಗಿ ಉಳಿದಿದ್ದರೆ ನಾವು ಇಷ್ಟು ವಿಸ್ತಾರವಾಗಿ ಬರೆಯಬೇಕಾಗಿರಲಿಲ್ಲ. ಸಮೀಕ್ಷೆಯ ಉಲ್ಲೇಖಗಳಲ್ಲಿ ಭಾರತೀಯರ ಹೆಸರುಗಳು ಹೇರಳವಾಗಿವೆ. ಅವುಗಳಲ್ಲಿ ಗೌರವಕ್ಕೆ ಪಾತ್ರವಾದ ಕೆಲಸವೂ ಇದೆ. ಬಿ. ಡಿ. ಆಚಾರ್ಯ ಮತ್ತು ಎಸ್. ಎಂ. ಹೆಗಡೆಯವರು ೧೯೯೦ರಲ್ಲಿ ಪ್ರಕಟಿಸಿದ ಲೇಖನವು, ಗೆರೆಗಳ ಮೇಲೆ ಬರುವ ಸಂಖ್ಯೆಗಳು ಸಮಾಂತರ ಶ್ರೇಢಿಯಾಗಿರಬೇಕೆಂಬ ಹೊಸ ನಿಯಮವನ್ನು ತಂದು ಇಡೀ ಒಂದು ಪ್ರಕರಣಕ್ಕೆ ನಾಂದಿಯಾಯಿತು. ಹೆಗಡೆಯವರು ನಮ್ಮ ಸುರತ್ಕಲ್ಲಿನಲ್ಲಿ ಅಧ್ಯಾಪಕರಾಗಿದ್ದವರು. ಧಾರವಾಡ ಮತ್ತು ಮೈಸೂರುಗಳಲ್ಲಿ ಇ. ಸಂಪತ್‌ಕುಮಾರರು ಗ್ರಾಫು ಸಿದ್ಧಾಂತದ ಅಭ್ಯಾಸಕ್ಕೆ ಹಾಕಿಕೊಟ್ಟ ತಳಹದಿಯನ್ನೂ ಇಲ್ಲಿ ಸ್ಮರಿಸಬೇಕು.

ಆದರೆ ರಾಶಿಯ ಬಹುಭಾಗ ಈ ಮಟ್ಟದ್ದಲ್ಲವೆಂಬುದು ಗಣಿತದ ಸಹೋದ್ಯೋಗಿಗಳೇ ನಮ್ಮೊಡನೆ ಒಪ್ಪಿಕೊಂಡ ಮಾತು. ಇದಕ್ಕೆ ವಿದ್ವಾಂಸರ ಆಲಸ್ಯ ಮಾತ್ರ ಕಾರಣವಲ್ಲ. ೨೦೧೦ರ ಯು.ಜಿ.ಸಿ. ನಿಯಮಾವಳಿಯು ಅಧ್ಯಾಪಕರ ಬಡ್ತಿಗೆ ಲೇಖನಗಳನ್ನು ಅಂಕಗಳ ಲೆಕ್ಕದಲ್ಲಿ ಎಣಿಸುವ ಪದ್ಧತಿಯನ್ನು ತಂದಿತು. ೨೦೧೮ರಲ್ಲಿ ಆ ಪದ್ಧತಿ ಬದಲಾಗುವಷ್ಟರಲ್ಲಿ ಎಣಿಸುವ ಅಭ್ಯಾಸ ಬೇರುಬಿಟ್ಟಿದ್ದಿತು. ವಾರಕ್ಕೆ ಹದಿನಾರು ಗಂಟೆ ಪಾಠ ಹೇಳಿ, ಪರೀಕ್ಷಾಕಾರ್ಯಗಳನ್ನು ಮುಗಿಸಿ, ಲೇಖನವನ್ನೂ ಬರೆಯಬೇಕಾದ ಅಧ್ಯಾಪಕನು ಸಮೀಕ್ಷೆಯಲ್ಲಿ ಖಾಲಿ ಮನೆಯನ್ನು ಹುಡುಕಿದರೆ ಅವನನ್ನು ದೂಷಿಸುವ ಅಧಿಕಾರ ನಮಗಿಲ್ಲ. ನಮ್ಮ ಶಾಸ್ತ್ರದಲ್ಲಿಯೂ ಒಂದೊಂದು ತಾಲ್ಲೂಕಿನ ಹೆಸರನ್ನು ಬದಲಾಯಿಸಿ ಒಂದೇ ಪ್ರಬಂಧವನ್ನು ಹತ್ತು ಸಲ ಬರೆದ ಉದಾಹರಣೆಗಳುಂಟು.

ಇಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವು ಕೆಲಸಮಾಡುತ್ತಿದ್ದ ಕಾಲೇಜಿನಲ್ಲಿ ಬಿ.ಎಸ್ಸಿ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಅಂಕನದ ಮೇಲೆ ಯೋಜನಾವರದಿ ಸಿದ್ಧಪಡಿಸಿದ್ದರು. ಅನ್ಯವಿಷಯದ ಅಧ್ಯಾಪಕರೊಬ್ಬರೂ ಪರಿಶೀಲನೆಯಲ್ಲಿ ಕೂರಬೇಕೆಂಬ ಅಲ್ಲಿಯ ಪದ್ಧತಿಯಂತೆ ನಾವೂ ಹೋಗಿದ್ದೆವು. ಅವರು ಆರಿಸಿಕೊಂಡಿದ್ದ ಗ್ರಾಫು ಬಹಳ ಜಟಿಲವಾದದ್ದು. ಅಂಕನದ ಸೂತ್ರಗಳು ಎರಡು ಪುಟ ತುಂಬಿದ್ದವು. ಈ ಆಕೃತಿಯನ್ನೇ ಏಕೆ ಆರಿಸಿಕೊಂಡಿರೆಂದು ಕೇಳಿದೆವು. "ಇದನ್ನು ಬೇರೆ ಯಾರೂ ಮಾಡಿಲ್ಲ, ಸರ್" ಎಂಬ ಉತ್ತರ ಬಂದಿತು. ಪ್ರಾಮಾಣಿಕವಾದ ಉತ್ತರ. ಅಷ್ಟಕ್ಕೇ ಬಿಡದೆ, ಎಲ್ಲ ಆಕೃತಿಗಳಿಗೂ ಲಲಿತ ಅಂಕನ ದೊರೆಯುತ್ತದೆಯೇ ಎಂದು ನಮ್ಮ ಅಜ್ಞಾನದಿಂದಲೇ ಮತ್ತೆ ಕೇಳಿದೆವು. ಅವರಲ್ಲೊಬ್ಬಳು ಕಪ್ಪುಹಲಗೆಯ ಮೇಲೆ ಚೌಕವನ್ನು ಬರೆದು, ಮೂಲೆಗಳಿಗೆ ೦, ೪, ೧, ೨ ಎಂದು ಕೊಟ್ಟು, ಬದಿಗಳಲ್ಲಿ ೪, ೩, ೧, ೨ ಬರುವುದನ್ನು ತೋರಿಸಿದಳು. ಪಂಚಕೋನಕ್ಕೆ ಪ್ರಯತ್ನಿಸಿದಳು; ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಅನಂತರ ಹೇಳಿದಳು: ಸುತ್ತಿ ಬಂದು ಹೊರಟ ಅಂಕಿಗೇ ಸೇರಬೇಕಾದುದರಿಂದ ಏರಿದ್ದೆಷ್ಟೋ ಇಳಿದದ್ದೂ ಅಷ್ಟೇ ಆಗಬೇಕು, ಆದ್ದರಿಂದ ವ್ಯತ್ಯಾಸಗಳೆಲ್ಲದರ ಮೊತ್ತ ಸಮಸಂಖ್ಯೆಯಾಗಲೇಬೇಕು, ಒಂದರಿಂದ ಐದರವರೆಗಿನ ಮೊತ್ತ ಹದಿನೈದು, ಅದು ಬೆಸ, ಆದುದರಿಂದ ಪಂಚಕೋನಕ್ಕೆ ಎಂದಿಗೂ ಬಾರದು.

ಇದು ರೋಸಾ ಅವರಿಗೆ ೧೯೬೭ರಲ್ಲಿಯೇ ತಿಳಿದಿದ್ದ ವಿಷಯ. ನಾಲ್ಕರಿಂದ ಭಾಗಿಸಿದಾಗ ಸೊನ್ನೆ ಅಥವಾ ಮೂರು ಉಳಿಯುವ ಚಕ್ರಗಳಿಗೆ ಮಾತ್ರ ಲಲಿತ ಅಂಕನ ಉಂಟೆಂದು ಅವರು ತೋರಿಸಿದ್ದರು. ಆದುದರಿಂದ ಆ ವಿದ್ಯಾರ್ಥಿನಿಯ ಮಾತಿಗೆ ಸಮೀಕ್ಷೆಯಲ್ಲಿ ಸ್ಥಳವಿಲ್ಲ. ವರದಿಯಲ್ಲಿಯೂ ಅದು ಸೇರಲಿಲ್ಲ, ಏಕೆಂದರೆ ಅದು ಹೊಸದಲ್ಲ. ವರದಿಯಲ್ಲಿ ಉಳಿದುದು ಆ ಎರಡು ಪುಟಗಳ ಸೂತ್ರಗಳು. ಆದರೆ ಅಂದು ಆ ಕೊಠಡಿಯಲ್ಲಿ ನಡೆದುದರಲ್ಲಿ ಯಾವುದು ಗಣಿತವಾಗಿತ್ತೆಂಬುದರಲ್ಲಿ ಇತಿಹಾಸದ ಅಧ್ಯಾಪಕರಾದ ನಮಗೂ ಸಂಶಯ ಬರಲಿಲ್ಲ.

೬

ಪದವಿ ತರಗತಿಯಲ್ಲಿ ಸಂಶೋಧನೆಯೆಂಬ ಮಾತು ನಮ್ಮಲ್ಲಿ ಈಗ ಮೇಲಿಂದ ಮೇಲೆ ಕೇಳಿಬರುತ್ತಿದೆ. ೨೦೨೨ರ ಯು.ಜಿ.ಸಿ. ಚೌಕಟ್ಟು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಕೈಕೊಳ್ಳುವ ವಿದ್ಯಾರ್ಥಿಗೆ ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ ಎಪ್ಪತ್ತೈದು ಅಂಕಗಳನ್ನು ವಿಧಿಸಿತು. ಕರ್ನಾಟಕದಲ್ಲಿ ೨೦೨೧ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ೨೦೨೪ರಲ್ಲಿ ಮತ್ತೆ ಮೂರು ವರ್ಷಗಳಿಗೆ ಇಳಿಯಿತು. ವರ್ಷಗಳ ಸಂಖ್ಯೆ, ಅಂಕಗಳ ಮಿತಿ, ಇವುಗಳ ಚರ್ಚೆ ಅಗತ್ಯವೇ. ಆದರೆ ವಿದ್ಯಾರ್ಥಿಯ ಮುಂದೆ ಇಡುವ ಪ್ರಶ್ನೆಯನ್ನು ಯಾರು, ಹೇಗೆ ಆರಿಸಬೇಕೆಂಬ ಚರ್ಚೆ ಅದಕ್ಕಿಂತ ಅಗತ್ಯವೆಂಬುದನ್ನು ಗ್ಯಾಲಿಯನ್ನರ ಕಾರ್ಯ ನಮಗೆ ಕಲಿಸುತ್ತದೆ. ಡುಲೂತಿನ ವಿದ್ಯಾರ್ಥಿಗಳನ್ನು ನಾವು ಇಲ್ಲಿಗೆ ತರಲಾರೆವು. ಪ್ರಶ್ನೆಯನ್ನು ಆರಿಸುವುದರಲ್ಲಿ ಅಲ್ಲಿಯ ಅಧ್ಯಾಪಕನು ತೋರಿದ ಶ್ರಮವನ್ನು ಮಾತ್ರ ಯಾವ ಊರಿನ ಅಧ್ಯಾಪಕನಾದರೂ ತೋರಬಹುದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಗ್ಯಾಲಿಯನ್ನರ ಸಮೀಕ್ಷೆ ಈ ವಿಷಯದ ಅನುಪಮ ಆಕರಗ್ರಂಥ. ಅದನ್ನು ಆಕರವನ್ನು ಓದುವಂತೆಯೇ ಓದಬೇಕು. ಶಾಸನಸಂಪುಟವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದು ಆಕರವಿಮರ್ಶೆಯನ್ನು: ಇದನ್ನು ಬರೆಸಿದವರಾರು, ಏಕೆ ಬರೆಸಿದರು, ಯಾವ ಪ್ರಶ್ನೆಗೆ ಇದು ಸಾಕ್ಷಿ ಹೇಳಬಲ್ಲುದು. ಅಂಕನದ ಪ್ರತಿಯೊಂದು ಫಲಿತಾಂಶವನ್ನೂ ಇದೇ ಪ್ರಶ್ನೆಗಳಿಂದ ಪರೀಕ್ಷಿಸುವುದನ್ನು ಗಣಿತದ ವಿದ್ಯಾರ್ಥಿ ಕಲಿತರೆ, ಖಾಲಿ ಮನೆಗಳ ಪಟ್ಟಿಯೇ ಅವನಿಗೆ ಜೀವಂತ ಪ್ರಶ್ನೆಗಳ ಭಂಡಾರವಾಗುತ್ತದೆ. ಹಳೆಯದನ್ನು ತಾನಾಗಿ ಕಂಡುಕೊಂಡ ವಿದ್ಯಾರ್ಥಿಯ ಹೆಸರು ಯಾವ ಸಮೀಕ್ಷೆಯಲ್ಲಿಯೂ ಬರುವುದಿಲ್ಲವೆಂಬುದು ನಿಜ. ಅದನ್ನು ಗುರುತಿಸಿ ಬರೆದಿಟ್ಟುಕೊಳ್ಳುವ ಹೊಣೆ ಎದುರಿಗೆ ಕುಳಿತ ಅಧ್ಯಾಪಕನದು. ಗಣಿತದ ಸಹೋದ್ಯೋಗಿಗಳು ಮುಂದಿನ ವರ್ಷದ ಯೋಜನಾವರದಿಗಳಿಗೆ ವಿಷಯಗಳನ್ನು ಸೂಚಿಸುವಾಗ ಈ ಅಂಶವನ್ನು ಗಮನಕ್ಕೆ ತಂದುಕೊಳ್ಳುವರೆಂದು ನಂಬಿದ್ದೇವೆ.